ಲಾಕೀಷಿನ ಪತನ, ಜೆರೂಸಲೇಮಿನ ಉಳಿವು: ಹೀಬ್ರೂ ಧರ್ಮಗ್ರಂಥದಲ್ಲಿ ಒಂದು ದಂಡಯಾತ್ರೆಯ ನೆನಪು

ಯೆಹೂದ್ಯರು ತನಖ್ ಎಂದೂ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದೂ ಕರೆಯುವ ಹೀಬ್ರೂ ಗ್ರಂಥಸಮುಚ್ಚಯದಲ್ಲಿ ವರ್ಣಿತವಾಗಿರುವ ಘಟನೆಗಳ ಪೈಕಿ ಹೊರಗಿನ ಸಮಕಾಲೀನ ಸಾಕ್ಷ್ಯ ದೊರೆಯುವಂಥವು ಕೆಲವು ಮಾತ್ರ. ಆ ಕೆಲವುಗಳಲ್ಲಿಯೂ ಆಕ್ರಮಣಕಾರನ ಶಾಸನ, ಅವನ ಅರಮನೆಯ ಶಿಲ್ಪ, ಸುಟ್ಟುಹೋದ ಪಟ್ಟಣದ ಅವಶೇಷ, ಆಕ್ರಮಣಕ್ಕೆ ತುತ್ತಾದವರ ಗ್ರಂಥ ಈ ನಾಲ್ಕೂ ಒಂದೇ ಘಟನೆಯನ್ನು ಕುರಿತು ಉಳಿದುಬಂದಿರುವುದು ತೀರ ಅಪರೂಪ. ಕ್ರಿ.ಪೂ. ೭೦೧ರಲ್ಲಿ ಅಸ್ಸೀರಿಯದ ದೊರೆ ಸನ್ಹೇರೀಬನು ಯೆಹೂದ ರಾಜ್ಯದ ಮೇಲೆ ನಡೆಸಿದ ದಂಡಯಾತ್ರೆ ಅಂಥದು. ಇದನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಗೆದ್ದವರು ಯಾರು, ಸನ್ಹೇರೀಬನ ಮಾತು ನಿಜವೋ ಗ್ರಂಥದ ಮಾತು ನಿಜವೋ ಎಂಬ ಪ್ರಶ್ನೆಯ ಸುತ್ತಲೇ ನಡೆದಿವೆ. ಆದರೆ ಗ್ರಂಥದ ಒಳಗೇ ಈ ದಂಡಯಾತ್ರೆಯ ನೆನಪು ಒಂದಲ್ಲ. ಉಳಿದ ರಾಜಧಾನಿಯ ನೆನಪು ಒಂದು, ಅಳಿದ ಊರುಗಳ ನೆನಪು ಇನ್ನೊಂದು. ಇವೆರಡರ ನಡುವಣ ಬಿಕ್ಕಟ್ಟನ್ನು ಗಮನಿಸದೆ ಈ ಗ್ರಂಥದ ಸಾಂಸ್ಕೃತಿಕ ಹಿನ್ನೆಲೆಯನ್ನು ಅರಿಯುವುದು ಕಷ್ಟ.

ಕ್ರಿ.ಪೂ. ೭೨೨ರ ವೇಳೆಗೆ ಉತ್ತರದ ಇಸ್ರಾಯೇಲ್ ರಾಜ್ಯವು ಅಸ್ಸೀರಿಯಕ್ಕೆ ಸೋತು ಅದರ ರಾಜಧಾನಿ ಸಮಾರ್ಯ ಪತನಗೊಂಡಿತು. ದಕ್ಷಿಣದ ಯೆಹೂದ ಕಪ್ಪ ಕೊಡುತ್ತ ಉಳಿದುಕೊಂಡಿತು. ಇದೇ ಕಾಲದಲ್ಲಿ ಜೆರೂಸಲೇಮು ಪಶ್ಚಿಮದ ಗುಡ್ಡದ ಕಡೆಗೆ ಹಬ್ಬಿ ಹಲವು ಪಟ್ಟು ದೊಡ್ಡದಾಯಿತೆಂದು ಉತ್ಖನನಗಳಿಂದ ತಿಳಿದುಬಂದಿದೆ. ಉತ್ತರದಿಂದ ಬಂದ ನಿರಾಶ್ರಿತರು ಇದಕ್ಕೆ ಒಂದು ಕಾರಣವಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕ್ರಿ.ಪೂ. ೭೦೫ರಲ್ಲಿ ಅಸ್ಸೀರಿಯದ ಅರಸ ಎರಡನೆಯ ಸರ್ಗೋನನು ರಣರಂಗದಲ್ಲಿ ಮಡಿದಾಗ ಅಧೀನ ರಾಜ್ಯಗಳಲ್ಲಿ ದಂಗೆ ಎದ್ದಿತು. ಯೆಹೂದದ ಅರಸ ಹಿಜ್ಕೀಯನೂ ಕಪ್ಪ ನಿಲ್ಲಿಸಿದನು. ಅಸ್ಸೀರಿಯಕ್ಕೆ ನಿಷ್ಠನಾಗಿದ್ದ ಎಕ್ರೋನಿನ ಅರಸ ಪಾದಿಯನ್ನು ಅವನ ಪ್ರಜೆಗಳೇ ಹಿಡಿದು ಹಿಜ್ಕೀಯನ ವಶಕ್ಕೆ ಒಪ್ಪಿಸಿದ್ದುಂಟು.

ಯುದ್ಧ ಬರುವುದೆಂಬ ಅರಿವು ಹಿಜ್ಕೀಯನಿಗೆ ಇತ್ತು. ಗೀಹೋನ್ ಬುಗ್ಗೆಯ ನೀರನ್ನು ಕೋಟೆಯೊಳಕ್ಕೆ ತರಲು ಬಂಡೆಯನ್ನು ಕೊರೆದು ತೆಗೆದ ೫೩೩ ಮೀಟರ್ ಉದ್ದದ ಸುರಂಗವನ್ನು ಸಾಮಾನ್ಯವಾಗಿ ಅವನ ಕಾಲದ್ದೆಂದೇ ಗುರುತಿಸಲಾಗಿದೆ. ೧೮೮೦ರಲ್ಲಿ ಅದರ ಗೋಡೆಯ ಮೇಲೆ ದೊರೆತ ಸಿಲೋವಾಮ್ ಶಾಸನ ಇಂದು ಇಸ್ತಾಂಬುಲ್ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಎರಡು ದಿಕ್ಕುಗಳಿಂದ ಕೊರೆಯುತ್ತ ಬಂದ ಎರಡು ತಂಡಗಳ ಕೆಲಸಗಾರರು ಪರಸ್ಪರರ ದನಿ ಕೇಳಿಸಿಕೊಂಡು ಸಂಧಿಸಿದ ಗಳಿಗೆಯನ್ನು ಅದು ವರ್ಣಿಸುತ್ತದೆ. ರಾಜಪ್ರಶಸ್ತಿಗಳಿಂದ ಆರಂಭವಾಗುವ ಶಾಸನಗಳನ್ನು ಓದಿ ಪಳಗಿದ ಕನ್ನಡದ ಸಂಶೋಧಕರಿಗೆ ಇದೊಂದು ವಿಸ್ಮಯ: ಉಳಿದಿರುವ ಪಾಠದಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರಿಲ್ಲ, ಇರುವುದು ಗುದ್ದಲಿ ಹಿಡಿದವರು ಮಾತ್ರ. ನಹ್ಮಾನ್ ಅವಿಗಾದ್ ೧೯೭೦ರ ದಶಕದಲ್ಲಿ ಜೆರೂಸಲೇಮಿನ ಹಳೆಯ ನಗರದಲ್ಲಿ ಬಯಲಿಗೆ ತಂದ ಸುಮಾರು ೭ ಮೀಟರ್ ದಪ್ಪದ ಗೋಡೆಯೂ ಇದೇ ಸಿದ್ಧತೆಯ ಭಾಗವೆಂದು ಪರಿಗಣಿತವಾಗಿದೆ. ಅದು ವಾಸದ ಮನೆಗಳನ್ನು ಕೆಡವಿ ಅವುಗಳ ಮೇಲೆ ಹಾಯ್ದುಹೋಗಿದೆ. ಗೋಡೆ ಭದ್ರಪಡಿಸಲು ಮನೆಗಳನ್ನು ಎಣಿಸಿ ಕೆಡವಿದ್ದನ್ನು ಯೆಶಾಯನ ಗ್ರಂಥದ ೨೨ನೆಯ ಅಧ್ಯಾಯ ಆಕ್ಷೇಪದ ಧಾಟಿಯಲ್ಲಿಯೇ ಹೇಳುತ್ತದೆ. ಅದೇ ಅಧ್ಯಾಯದಲ್ಲಿ, ಮಾಳಿಗೆ ಹತ್ತಿ ಸಂಭ್ರಮಿಸುತ್ತಿರುವ ನಗರದ ಜನರನ್ನು ಕಂಡು ಪ್ರವಾದಿ ಅಳುತ್ತಾನೆ. ಜೆರೂಸಲೇಮಿನ ನೆನಪಿನಲ್ಲಿಯೇ ಬಿರುಕು ಇತ್ತೆಂಬುದಕ್ಕೆ ಇದು ಮೊದಲ ಸೂಚನೆ.

ಸನ್ಹೇರೀಬನ ವಾರ್ಷಿಕ ವೃತ್ತಾಂತಗಳು ಜೇಡಿಮಣ್ಣಿನ ಪಟ್ಟಕಗಳ ಮೇಲೆ ಹಲವು ಪ್ರತಿಗಳಲ್ಲಿ ದೊರೆತಿವೆ. ಅವನು ತನ್ನ ಮೂರನೆಯ ದಂಡಯಾತ್ರೆಯಲ್ಲಿ ಹಿಜ್ಕೀಯನ ೪೬ ಕೋಟೆಪಟ್ಟಣಗಳನ್ನೂ ಲೆಕ್ಕವಿಲ್ಲದ ಹಳ್ಳಿಗಳನ್ನೂ ಹಿಡಿದು ೨,೦೦,೧೫೦ ಜನರನ್ನು ಹೊರಡಿಸಿದುದಾಗಿ ಹೇಳಿಕೊಂಡಿದ್ದಾನೆ. ಈ ಸಂಖ್ಯೆ ಉತ್ಪ್ರೇಕ್ಷೆ ಎನ್ನುವುದರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಹಿಜ್ಕೀಯನನ್ನು ಪಂಜರದ ಹಕ್ಕಿಗೆ ಹೋಲಿಸಿರುವ ಮಾತು ಪ್ರಸಿದ್ಧವಾಗಿದೆ. ಆದರೆ ಜೆರೂಸಲೇಮನ್ನು ಹಿಡಿದೆನೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಕೈವಶವಾಗದ ನಗರವನ್ನು ಉಪಮೆಯೊಂದರಿಂದ ಮುಚ್ಚಿ, ಕಪ್ಪದ ಪಟ್ಟಿಯ ಕಡೆಗೆ ತಿರುಗುವ ಪ್ರಶಸ್ತಿಕಾರನ ಜಾಣ್ಮೆ ಇಲ್ಲಿ ಕಾಣುತ್ತದೆ. ಆ ಪಟ್ಟಿಯಲ್ಲಿ ೩೦ ತಲಾಂತು ಬಂಗಾರ, ೮೦೦ ತಲಾಂತು ಬೆಳ್ಳಿಯ ಜೊತೆಗೆ ಹಿಜ್ಕೀಯನ ಹೆಣ್ಣುಮಕ್ಕಳೂ ಅರಮನೆಯ ಸ್ತ್ರೀಯರೂ ಗಾಯಕ ಗಾಯಕಿಯರೂ ಇದ್ದಾರೆ. ಕಿತ್ತುಕೊಂಡ ಊರುಗಳನ್ನು ಅಷ್ಡೋದ್, ಎಕ್ರೋನ್, ಗಾಜಾಗಳ ಅರಸರಿಗೆ ಹಂಚಲಾಯಿತು.

ಈ ವೃತ್ತಾಂತ ಹೆಸರಿಸದ ಊರೊಂದು ಸನ್ಹೇರೀಬನ ಅರಮನೆಯಲ್ಲಿ ಒಂದು ಇಡೀ ಕೋಣೆಯ ಗೋಡೆಗಳನ್ನು ಆವರಿಸಿತ್ತು. ಅದು ಲಾಕೀಷ್. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಆಸ್ಟೆನ್ ಹೆನ್ರಿ ಲೇಯರ್ಡ್ ನಿನೆವೆಯಲ್ಲಿ ಅಗೆದು ತೆಗೆದ ಆ ಉಬ್ಬುಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಳಿಜಾರು ದಿಬ್ಬವೇರಿ ಗೋಡೆಗೆ ಗುದ್ದುವ ಯಂತ್ರಗಳು, ಮೇಲಿನಿಂದ ಸುರಿಯುವ ದೊಂದಿಗಳು, ಶೂಲಕ್ಕೇರಿದ ದೇಹಗಳು, ಮೂಟೆ ಹೊತ್ತು ಊರು ಬಿಡುವ ಹೆಂಗಸರು, ಗಾಡಿಯ ಮೇಲೆ ಕುಳಿತ ಮಕ್ಕಳು, ಕೊನೆಗೆ ಸಿಂಹಾಸನದ ಮೇಲೆ ಕುಳಿತು ಕೊಳ್ಳೆಯನ್ನು ನೋಡುತ್ತಿರುವ ಅರಸ. ಜೆರೂಸಲೇಮು ಸಿಕ್ಕಿದ್ದರೆ ಆ ಗೋಡೆಗಳ ಮೇಲೆ ಲಾಕೀಷಿಗೆ ಅಷ್ಟು ಎಡೆ ಸಿಗುತ್ತಿರಲಿಲ್ಲವೆಂಬ ಊಹೆ ಅಸಂಗತವಲ್ಲ. ಡೇವಿಡ್ ಉಸ್ಸಿಷ್ಕಿನ್ ೧೯೭೩ರಿಂದ ಲಾಕೀಷಿನಲ್ಲಿ ನಡೆಸಿದ ಉತ್ಖನನವು ಆ ಮುತ್ತಿಗೆಯ ದಿಬ್ಬವನ್ನೂ, ಅದಕ್ಕೆ ಎದುರಾಗಿ ಒಳಗಿನವರು ಒಟ್ಟಿದ ದಿಬ್ಬವನ್ನೂ, ಬಾಣದ ಮೊನೆಗಳನ್ನೂ, ಉರಿದ ಮನೆಗಳ ಸ್ತರವನ್ನೂ ಹೊರತೆಗೆದು ಶಿಲ್ಪಿ ಕಂಡರಿಸಿದ್ದು ಬರಿಯ ಕಲ್ಪನೆಯಲ್ಲವೆಂಬುದನ್ನು ದೃಢಪಡಿಸಿದೆ.

ಕನ್ನಡದ ಸಂದರ್ಭದಲ್ಲಿ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಹಳೆಯ ಒಡಂಬಡಿಕೆಯನ್ನು ಕನ್ನಡಿಸುತ್ತಿದ್ದ ಕಾಲಕ್ಕೆ ನಿನೆವೆಯ ಅರಮನೆ ಇನ್ನೂ ಮಣ್ಣಿನಡಿಯಲ್ಲಿತ್ತು. ಅಸ್ಸೀರಿಯದ ಬೆಣೆಲಿಪಿಯನ್ನು ನಂಬುವಂತೆ ಓದಲು ಸಾಧ್ಯವಾದದ್ದು ೧೮೫೦ರ ದಶಕದಲ್ಲಿ. ಆದ್ದರಿಂದ ಹಿಜ್ಕೀಯನ ಕಥೆ ಕನ್ನಡಕ್ಕೆ ಮೊದಲು ಬಂದದ್ದು ಎದುರು ಪಕ್ಷದ ಸಾಕ್ಷಿಯಿಲ್ಲದ ಏಕಪಕ್ಷೀಯ ಹೇಳಿಕೆಯಾಗಿ.

ಆ ಹೇಳಿಕೆಯಾದರೂ ಏಕರೂಪದ್ದಲ್ಲ. ಅರಸುಗಳು ಎರಡನೆಯ ಭಾಗದ ೧೮ ಮತ್ತು ೧೯ನೆಯ ಅಧ್ಯಾಯಗಳನ್ನು ಬರ್ನ್‌ಹಾರ್ಡ್ ಷ್ಟಾಡ ೧೮೮೬ರಲ್ಲಿ ವಿಶ್ಲೇಷಿಸಿ ಅಲ್ಲಿ ಬೇರೆಬೇರೆ ನಿರೂಪಣೆಗಳು ಜೋಡಣೆಗೊಂಡಿರುವುದನ್ನು ತೋರಿಸಿದನು. ಮೊದಲನೆಯದು ಮೂರು ವಾಕ್ಯಗಳಷ್ಟು ಚಿಕ್ಕದು. ಹಿಜ್ಕೀಯನು ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ ತಪ್ಪೊಪ್ಪಿಗೆ ಕಳುಹಿಸಿ, ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಬಂಗಾರವನ್ನು ಕಿತ್ತು, ೩೦೦ ತಲಾಂತು ಬೆಳ್ಳಿ ಮತ್ತು ೩೦ ತಲಾಂತು ಬಂಗಾರ ತೆತ್ತನೆಂದು ಅದು ಹೇಳುತ್ತದೆ. ಬಂಗಾರದ ಲೆಕ್ಕ ಅಸ್ಸೀರಿಯದ ಪಟ್ಟಿಗೆ ಸರಿಹೊಂದುತ್ತದೆ. ಭಂಡಾರದ ಕಡತದಿಂದ ಎತ್ತಿಕೊಂಡಂತಿರುವ ಈ ಒಣ ಮಾತುಗಳ ಬೆನ್ನಿಗೇ, ಕಪ್ಪ ಕೊಟ್ಟದ್ದೇ ಆಗಿಲ್ಲವೆಂಬಂತೆ, ಮತ್ತೊಂದು ಕಥೆ ಆರಂಭವಾಗುತ್ತದೆ. ಅದರೊಳಗೂ ಎರಡು ಎಳೆಗಳಿವೆ. ಒಂದರಲ್ಲಿ ಸನ್ಹೇರೀಬನು ಸುದ್ದಿಯೊಂದನ್ನು ಕೇಳಿ ಹಿಂದಿರುಗಿ ಸ್ವದೇಶದಲ್ಲಿ ಕೊಲೆಯಾಗುತ್ತಾನೆ. ಇನ್ನೊಂದರಲ್ಲಿ ದೇವದೂತನು ಒಂದೇ ರಾತ್ರಿಯಲ್ಲಿ ೧,೮೫,೦೦೦ ಸೈನಿಕರನ್ನು ಸಂಹರಿಸುತ್ತಾನೆ. ಕೊಲೆ ನಡೆದದ್ದು ಕ್ರಿ.ಪೂ. ೬೮೧ರಲ್ಲಿ, ಎಂದರೆ ದಂಡಯಾತ್ರೆಯ ೨೦ ವರ್ಷಗಳ ಬಳಿಕ. ಕಥೆ ಆ ಅಂತರವನ್ನು ಅಳಿಸಿದೆ. ಸನ್ಹೇರೀಬನ ಸೇನೆಯ ಬಿಲ್ಲುಬತ್ತಳಿಕೆಗಳನ್ನು ಇಲಿಗಳು ಕಡಿದುಹಾಕಿದವೆಂದು ಈಜಿಪ್ಟಿನಲ್ಲಿ ಕೇಳಿ ಬರೆದ ಹೆರೊಡೋಟಸನ ಕಥೆಯನ್ನು ಇದಕ್ಕೆ ಗಂಟುಹಾಕಿ ಪ್ಲೇಗಿನ ಊಹೆ ಕಟ್ಟುವವರಿದ್ದಾರೆ. ಆ ಊಹೆಗೆ ಆಧಾರ ತೆಳುವಾದದ್ದು.

ಈ ಕಥಾಭಾಗದ ಸಾಹಿತ್ಯಕ ಸತ್ತ್ವವಿರುವುದು ದೇವದೂತನಲ್ಲಿ ಅಲ್ಲ, ಅಸ್ಸೀರಿಯದ ಅಧಿಕಾರಿ ರಬ್ಷಾಕೆಯ ಭಾಷಣದಲ್ಲಿ. ಕೋಟೆಯ ಹೊರಗೆ ನಿಂತು ಅವನು ಯೆಹೂದ್ಯರ ನುಡಿಯಲ್ಲಿಯೇ ಮಾತಾಡುತ್ತಾನೆ. ಗೋಡೆಯ ಮೇಲಿನ ಜನಕ್ಕೆ ತಿಳಿಯದಂತೆ ಅರಮಾಯಿಕ್ ಭಾಷೆಯಲ್ಲಿ ಮಾತಾಡೆಂದು ಹಿಜ್ಕೀಯನ ಅಧಿಕಾರಿಗಳು ಬೇಡಿದಾಗ, ತನ್ನ ಮಾತು ಆ ಜನರಿಗಾಗಿಯೇ ಎಂದು ದನಿಯೇರಿಸುತ್ತಾನೆ. ಅಂದಿನ ಪಶ್ಚಿಮ ಏಷ್ಯಾದಲ್ಲಿ ರಾಜತಂತ್ರದ ಭಾಷೆಗೂ ಜನರ ಭಾಷೆಗೂ ಇದ್ದ ದೂರ ಇಲ್ಲಿ ದಾಖಲಾಗಿದೆ. ಹಿಜ್ಕೀಯನು ದೇವರ ಗುಡ್ಡದ ಪೂಜಾಸ್ಥಳಗಳನ್ನು ಕೆಡವಿದವನಲ್ಲವೇ, ಆ ದೇವರು ಅವನನ್ನೇಕೆ ಕಾಯಬೇಕು ಎಂಬ ರಬ್ಷಾಕೆಯ ತರ್ಕ ಬರಿಯ ಕುಹಕವಲ್ಲ. ಊರೂರಿನ ಗುಡಿ ಕಳೆದುಕೊಂಡ ಹಳ್ಳಿಗರ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರಬೇಕು. ಗ್ರಂಥಕಾರನು ಅದನ್ನು ಶತ್ರುವಿನ ಬಾಯಲ್ಲಿಟ್ಟು ಉಳಿಸಿದ್ದಾನೆ.

ಯೆಶಾಯನ ಗ್ರಂಥದ ೩೬ ಮತ್ತು ೩೭ನೆಯ ಅಧ್ಯಾಯಗಳು ಬಹುಪಾಲು ಇದೇ ಕಥೆಯನ್ನು ಇದೇ ಮಾತುಗಳಲ್ಲಿ ಹೇಳುತ್ತವೆ. ಆದರೆ ಕಪ್ಪದ ಮೂರು ವಾಕ್ಯಗಳು ಅಲ್ಲಿಲ್ಲ. ಬಹುಕಾಲದ ನಂತರ ರಚಿತವಾದ ಪೂರ್ವಕಾಲವೃತ್ತಾಂತವು ಕಪ್ಪವನ್ನು ಬಿಟ್ಟದ್ದಷ್ಟೇ ಅಲ್ಲ, ಅನೇಕರು ಹಿಜ್ಕೀಯನಿಗೇ ಕಾಣಿಕೆ ತಂದರೆಂದು ಬರೆಯಿತು. ಕೊಟ್ಟವನು ಪಡೆದವನಾದನು. ಹೀಗೆ ತಿದ್ದುವ ಪ್ರವೃತ್ತಿ ಪ್ರಬಲವಾಗಿದ್ದಾಗಲೂ ಅರಸುಗಳ ಗ್ರಂಥದ ಸಂಪಾದಕರು ಆ ಮೂರು ವಾಕ್ಯಗಳನ್ನು ಕೈಬಿಡಲಿಲ್ಲ. ಅದನ್ನು ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ.

ಇಷ್ಟೂ ರಾಜಧಾನಿಯ ನೆನಪು. ಲಾಕೀಷಿನ ಜನರಿಗೇನಾಯಿತೆಂದು ಈ ನಿರೂಪಣೆಗಳಲ್ಲಿ ಯಾವುದೂ ಹೇಳುವುದಿಲ್ಲ. ಇವುಗಳ ಪಾಲಿಗೆ ಲಾಕೀಷ್ ಸನ್ಹೇರೀಬನು ಬೀಡುಬಿಟ್ಟಿದ್ದ ಒಂದು ಸ್ಥಳ ಮಾತ್ರ. ಅದನ್ನು ಹೇಳಿದವನು ಮೀಕ. ಅವನ ಊರಾದ ಮೋರೆಷೆತ್, ಲಾಕೀಷಿನಂತೆಯೇ, ಶೆಫೇಲಾ ಎಂಬ ತಗ್ಗುಗುಡ್ಡಗಳ ಸೀಮೆಗೆ ಸೇರಿದ್ದು. ಅಸ್ಸೀರಿಯದ ಸೇನೆ ತುಳಿದು ನಡೆದದ್ದು ಈ ಸೀಮೆಯನ್ನೇ. ಮುಂದಿನ ಶತಮಾನದಲ್ಲಿ ಇಲ್ಲಿನ ಜನವಸತಿ ಗಣನೀಯವಾಗಿ ಕುಸಿಯಿತೆಂದು ಕ್ಷೇತ್ರಶೋಧಗಳು ತಿಳಿಸುತ್ತವೆ. ಮೀಕನ ಮೊದಲ ಅಧ್ಯಾಯದ ಪ್ರಲಾಪವನ್ನು ಹಲವು ವಿದ್ವಾಂಸರು ೭೦೧ಕ್ಕೇ ಸಂಬಂಧಿಸುತ್ತಾರೆ. ಅದು ಊರ ಹೆಸರುಗಳ ಒಂದು ಮೆರವಣಿಗೆ; ಒಂದೊಂದು ಹೆಸರಿನ ಸದ್ದಿನಿಂದಲೇ ಒಂದೊಂದು ಕೇಡು ಹುಟ್ಟುತ್ತದೆ. ಬೇತ್ ಲೆಅಫ್ರದಲ್ಲಿ ಹೀಬ್ರೂವಿನ ಅಫಾರ್, ಎಂದರೆ ಧೂಳು, ಕೇಳಿಸುತ್ತದೆ. ಅಲ್ಲಿನವರು ಧೂಳಿನಲ್ಲಿ ಹೊರಳಬೇಕು. ಲಾಕೀಷಿನ ಹೆಸರು ರಥದ ಕುದುರೆಗಳನ್ನು ಹೇಳುವ ರೆಖೆಷ್ ಎಂಬ ಪದದೊಡನೆ ಪ್ರಾಸಗೊಳ್ಳುತ್ತದೆ. ಕನ್ನಡವೂ ಸೇರಿದಂತೆ ಯಾವ ಅನುವಾದದಲ್ಲಿಯೂ ಈ ಶ್ಲೇಷೆ ಉಳಿಯದು. ಆದ್ದರಿಂದ ಹೊರಗಿನ ಓದುಗನಿಗೆ ಈ ಭಾಗ ಅಪರಿಚಿತ ಊರುಗಳ ನೀರಸ ಪಟ್ಟಿಯಾಗಿ ಕಾಣುವ ಅಪಾಯವಿದೆ. ಅದು ಪಟ್ಟಿಯಲ್ಲ. ತನ್ನ ಸುತ್ತಣ ಊರುಗಳನ್ನು ಹೆಸರು ಹಿಡಿದು ಕರೆದು ಅಳುವ ಸಾವಿನ ಮನೆಯ ಹಾಡು.

ಮೂರನೆಯ ಅಧ್ಯಾಯದ ಕೊನೆಯಲ್ಲಿ ಮೀಕನು ನಗರದ ಕಡೆಗೆ ತಿರುಗುತ್ತಾನೆ. ರಕ್ತದಿಂದ ಕಟ್ಟಿದ ಚೀಯೋನು ಹೊಲದಂತೆ ಉಳಲ್ಪಡುವುದೆಂಬುದು ಅವನ ಮಾತಿನ ಸಾರ. ಆದರೆ ನಗರ ಉಳಿಯಿತು. ದೇವರು ನೆಲೆಸಿದ ಚೀಯೋನು ಎಂದಿಗೂ ಬೀಳದೆಂಬ ನಂಬಿಕೆ ಕೀರ್ತನೆಗಳಲ್ಲಿ, ಮುಖ್ಯವಾಗಿ ೪೬ ಮತ್ತು ೪೮ರಲ್ಲಿ, ಮಡುಗಟ್ಟಿದೆ. ಆ ನಂಬಿಕೆಗೆ ೭೦೧ರ ಪಾರಾಗುವಿಕೆ ಸಾಕ್ಷಿಯಾಗಿ ಒದಗಿತು. ಅದರ ಬೆಲೆ ತೆತ್ತವರು ಶೆಫೇಲಾದವರೆಂಬುದು ಆ ಕೀರ್ತನೆಗಳಲ್ಲಿಲ್ಲ.

ಸುಮಾರು ಒಂದು ಶತಮಾನದ ಬಳಿಕ, ಯೆಹೋಯಾಕೀಮನ ಆಳ್ವಿಕೆಯ ಆರಂಭದಲ್ಲಿ, ದೇವಾಲಯವೂ ಹಾಳಾಗುವುದೆಂದು ಅದರ ಅಂಗಳದಲ್ಲಿಯೇ ನಿಂತು ಸಾರಿದ ಯೆರೆಮೀಯನನ್ನು ಯಾಜಕರು ಹಿಡಿದು ಮರಣದಂಡನೆ ಕೇಳಿದರು. ಆಗ ನಾಡಿನ ಹಿರಿಯರಲ್ಲಿ ಕೆಲವರು ಎದ್ದು ಮೋರೆಷೆತಿನ ಮೀಕನ ಮಾತನ್ನು ಉಲ್ಲೇಖಿಸಿ, ಹಿಜ್ಕೀಯನು ಅವನನ್ನು ಕೊಲ್ಲಿಸಲಿಲ್ಲವೆಂದು ನೆನಪಿಸಿದರೆಂದು ಯೆರೆಮೀಯನ ಗ್ರಂಥದ ೨೬ನೆಯ ಅಧ್ಯಾಯ ತಿಳಿಸುತ್ತದೆ. ಪ್ರವಾದಿಯೊಬ್ಬನ ಮಾತನ್ನು ಇನ್ನೊಂದು ಪ್ರವಾದನಗ್ರಂಥವು ಅವನ ಹೆಸರು ಹೇಳಿ ಉದ್ಧರಿಸುವ ಸಂದರ್ಭ ಇಡೀ ಸಮುಚ್ಚಯದಲ್ಲಿ ಬೇರೆ ಇಲ್ಲವೆಂದೇ ಹೇಳಬೇಕು. ಉದ್ಧರಿಸಿದವರು ಯಾಜಕರಲ್ಲ, ಆಸ್ಥಾನದವರಲ್ಲ, ನಾಡಿನ ಹಿರಿಯರು ಎಂಬುದು ಅರ್ಥಪೂರ್ಣ. ನಗರವು ತನ್ನ ಪವಾಡವನ್ನು ಹಾಡುತ್ತಿದ್ದ ನೂರು ವರ್ಷವೂ ನಾಡು ಆ ಈಡೇರದ ಮಾತನ್ನು ಬಾಯಲ್ಲಿ ಇಟ್ಟುಕೊಂಡಿತ್ತು. ಯೆರೆಮೀಯನು ಬದುಕಿದನು. ಅದೇ ಮಾತನ್ನಾಡಿದ ಊರೀಯನನ್ನು ಈಜಿಪ್ಟಿನಿಂದ ಹಿಡಿತರಿಸಿ ಕೊಲ್ಲಲಾಯಿತೆಂಬುದನ್ನೂ ಅದೇ ಅಧ್ಯಾಯ ಮುಚ್ಚಿಡದೆ ಹೇಳುತ್ತದೆ.

ಕ್ರಿ.ಪೂ. ೫೮೬ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನ ಸೇನೆ ಜೆರೂಸಲೇಮನ್ನು ಸುಟ್ಟಿತು. ಶತ್ರು ಆ ಬಾಗಿಲುಗಳನ್ನು ಹೊಕ್ಕಾನೆಂದು ಭೂಮಿಯ ಯಾವ ಅರಸನೂ ನಂಬಿರಲಿಲ್ಲವೆಂದು ಪ್ರಲಾಪಗಳ ಗ್ರಂಥ ಹೇಳುವಾಗ, ಭಂಗಗೊಂಡದ್ದು ೭೦೧ರಿಂದ ಬಲಿತ ನಂಬಿಕೆಯೇ. ಅರಸುಗಳ ಗ್ರಂಥಕ್ಕೆ ಈಗಿನ ರೂಪ ಬಂದದ್ದು ಈ ವಿನಾಶದ ಅನಂತರ, ರಾಜ್ಯವೂ ದೇವಾಲಯವೂ ಇಲ್ಲದ ಜನರ ನಡುವೆ. ಕಪ್ಪದ ಮೂರು ವಾಕ್ಯಗಳನ್ನು ಪವಾಡದ ಪಕ್ಕದಲ್ಲಿಯೇ ಉಳಿಸಲು ಅವರಿಗೆ ಸಾಧ್ಯವಾದದ್ದು ಹೊಗಳಿಸಿಕೊಳ್ಳುವ ಅರಸ ಯಾರೂ ಉಳಿದಿರಲಿಲ್ಲವಾದ್ದರಿಂದ ಇರಬೇಕು. ಆ ಗ್ರಂಥ ಕೊನೆಗೊಳ್ಳುವುದು ಸೆರೆಯಿಂದ ಹೊರಬಂದ ಯೆಹೋಯಾಖೀನನು ಬಾಬಿಲೋನಿನ ಅರಸನ ಪಂಕ್ತಿಯಲ್ಲಿ ದಿನನಿತ್ಯದ ಪಡಿ ಪಡೆಯುತ್ತಿದ್ದನೆಂಬ ಮಾತಿನಿಂದ. ಬಿಡುಗಡೆಗೆ ಮೊದಲೇ ಅವನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿರುವ ಜೇಡಿಮಣ್ಣಿನ ಹಲಗೆಗಳು ಬಾಬಿಲೋನಿನ ಅವಶೇಷಗಳಲ್ಲಿ ದೊರೆತು ೧೯೩೯ರಲ್ಲಿ ಪ್ರಕಟವಾದವು.