ಅತಿಥಿಧರ್ಮ ಮತ್ತು ದೇಶಭಕ್ತಿ: ‘ಗೋರಾ’ ಕಾದಂಬರಿಯ ಮರುಓದು

ರವೀಂದ್ರನಾಥ ಠಾಕೂರರ ‘ಗೋರಾ’ 1907ರಿಂದ ‘ಪ್ರವಾಸಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿ 1910ರಲ್ಲಿ ಗ್ರಂಥರೂಪ ಪಡೆಯಿತು. 1905ರ ವಂಗವಿಭಜನೆಯನ್ನು ವಿರೋಧಿಸಿದ ಸ್ವದೇಶಿ ಚಳವಳಿಯಲ್ಲಿ ಮೊದಲು ಪಾಲ್ಗೊಂಡು, ಅನಂತರ ಅದರಿಂದ ದೂರ ಸರಿದ ಲೇಖಕನ ಆತ್ಮಶೋಧನೆ ಈ ಕೃತಿಯ ಹಿನ್ನೆಲೆಯಲ್ಲಿದೆ. ದೇಶ ಯಾರದೆಂಬ ಪ್ರಶ್ನೆಯನ್ನು ಕಾದಂಬರಿಯು ಮನೆಬಾಗಿಲಿಗೆ ತಂದು ನಿಲ್ಲಿಸುತ್ತದೆ.

1857ರ ದಂಗೆಯ ಸಮಯದಲ್ಲಿ ಇಟಾವಾದ ಬಂಗಾಳಿ ಬ್ರಾಹ್ಮಣ ಕೃಷ್ಣದಯಾಳನ ಮನೆಯಲ್ಲಿ ಆಶ್ರಯ ಪಡೆದ ಐರಿಷ್ ಸ್ತ್ರೀಯೊಬ್ಬಳು ಮಗುವನ್ನು ಹೆತ್ತು ಸಾಯುತ್ತಾಳೆ. ಆ ಮಗುವೇ ಗೋರಾ. ತನ್ನ ಹುಟ್ಟಿನ ಅರಿವಿಲ್ಲದೆ ಬೆಳೆದ ಆತ ಕಟ್ಟಾ ಆಚಾರವಂತನಾಗುತ್ತಾನೆ. ಆಚಾರನಿಷ್ಠೆಯನ್ನೇ ದೇಶನಿಷ್ಠೆಯೆಂದು ಭಾವಿಸುತ್ತಾನೆ. ಕ್ರೈಸ್ತಳಾದ ದಾಸಿ ಲಛಮಿಯಾ ಇರುವಳೆಂಬ ಕಾರಣಕ್ಕೆ ತಾಯಿ ಆನಂದಮಯಿಯ ಕೋಣೆಯಲ್ಲಿ ಊಟ ಮಾಡಲು ಒಪ್ಪುವುದಿಲ್ಲ. ಅತಿಥಿಯನ್ನು ದೇವರೆಂದು ಕಾಣುವಂತೆ ತೈತ್ತಿರೀಯೋಪನಿಷತ್ತು ವಿಧಿಸಿದ ಧರ್ಮ, ಅದೇ ಪರಂಪರೆಯ ಹೆಸರಿನ ಮಡಿಯೊಂದಿಗೆ ಇಲ್ಲಿ ಮುಖಾಮುಖಿಯಾಗುತ್ತದೆ.

ಈ ಮುಖಾಮುಖಿ ತೀವ್ರವಾಗುವುದು ಘೋಷಪುರದ ಪ್ರಸಂಗದಲ್ಲಿ. ನೀಲಿ ಬೆಳೆಯ ದಬ್ಬಾಳಿಕೆಗೆ ಸಿಕ್ಕಿದ ಆ ಮುಸಲ್ಮಾನರ ಹಳ್ಳಿಯಲ್ಲಿ ಸೆರೆಮನೆ ಸೇರಿದವನೊಬ್ಬನ ಮಗನನ್ನು ಹಿಂದೂ ಕ್ಷೌರಿಕನೊಬ್ಬ ತನ್ನ ಮನೆಯಲ್ಲಿಟ್ಟು ಸಾಕುತ್ತಿರುತ್ತಾನೆ. ಅಂಥ ಮನೆಯ ನೀರು ಕುಡಿಯಲು ಗೋರಾನ ಸಂಗಡಿಗ ಒಪ್ಪುವುದಿಲ್ಲ. ಸಮೀಪದಲ್ಲಿ ಅನ್ನ ನೀರು ದೊರೆಯಬಹುದಾದ ಬ್ರಾಹ್ಮಣನ ಮನೆಯೆಂದರೆ ನೀಲಿ ಕಾರ್ಖಾನೆಯ ಅಧಿಕಾರಿಯದು. ಅನಾಥನಿಗೆ ಆಸರೆಯಿತ್ತವನನ್ನು ತೊರೆದು ಪೀಡಕನ ಮನೆಯಲ್ಲಿ ಜಾತಿ ಉಳಿಸಿಕೊಳ್ಳುವುದು ಎಂಥ ಧರ್ಮವೆಂಬ ಪ್ರಶ್ನೆ ಗೋರಾನನ್ನು ಕ್ಷೌರಿಕನ ಮನೆಗೇ ಮರಳಿಸುತ್ತದೆ. ಆದರೂ ಪಾತ್ರೆಯನ್ನು ಆತ ತಾನೇ ತೊಳೆಯುತ್ತಾನೆ, ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ಮನಸ್ಸು ದಾಟಿದ ಗೆರೆಯನ್ನು ಕೈ ಇನ್ನೂ ದಾಟಿಲ್ಲವೆಂಬುದನ್ನು ರವೀಂದ್ರರು ಈ ಚಿಕ್ಕ ವಿವರದಲ್ಲಿ ಸೂಚಿಸಿದ್ದಾರೆ.

ಕಾದಂಬರಿಯ ಅಂತ್ಯವನ್ನು ಈ ಪ್ರಸಂಗದ ಬೆಳಕಿನಲ್ಲಿ ಪರಿಶೀಲಿಸಬೇಕು. ತನ್ನ ಶ್ರಾದ್ಧ ಮಾಡುವ ಅಧಿಕಾರ ಗೋರಾನಿಗಿಲ್ಲವೆಂಬ ಕಾರಣಕ್ಕೆ ಅಸ್ವಸ್ಥನಾದ ಕೃಷ್ಣದಯಾಳ ಜನ್ಮರಹಸ್ಯವನ್ನು ಬಯಲುಮಾಡುತ್ತಾನೆ. ಆತ ಕೊಟ್ಟದ್ದು ಆಶ್ರಯ ಮಾತ್ರ. ಹಕ್ಕನ್ನು ಆತ ಕೊನೆಯವರೆಗೂ ಕೊಡಲಿಲ್ಲ. ರಹಸ್ಯ ತಿಳಿದ ಗೋರಾ ತಾನೀಗ ನಿಜವಾದ ಭಾರತೀಯನೆಂದು ಸಂಭ್ರಮಿಸುತ್ತಾನೆ. ಇಲ್ಲಿ ಒಂದು ತಾತ್ವಿಕ ತೊಡಕಿದೆ. ಹುಟ್ಟು ಮನುಷ್ಯನನ್ನು ನಿರ್ಧರಿಸದೆಂಬುದು ಕೃತಿಯ ಆಶಯವಾದರೆ, ನಾಯಕನ ಬಿಡುಗಡೆ ಹುಟ್ಟಿನ ಸಂಗತಿಯಿಂದಲೇ ಏಕೆ ಒದಗಬೇಕು? ಹಿಂದೂವಾಗಿಯೇ ಹುಟ್ಟಿದ ದೇಶಭಕ್ತನಿಗೆ ಇಂಥ ಆಕಸ್ಮಿಕದ ನೆರವಿಲ್ಲ.

ಈ ಕೊರತೆಯನ್ನು ತುಂಬುವವರು ಕ್ಷೌರಿಕ ಮತ್ತು ಆನಂದಮಯಿ. ಹುಟ್ಟಿನ ರಹಸ್ಯ ಬಯಲಾಗಿ ಅವರು ಬದಲಾಗಬೇಕಾಗಲಿಲ್ಲ. ಮಗುವನ್ನು ಮಡಿಲಿಗೆತ್ತಿಕೊಂಡ ದಿನವೇ ಆನಂದಮಯಿ ಆಚಾರವನ್ನು ಬಿಟ್ಟಳು. ಪ್ರತಿಯೊಂದು ಮಗುವೂ ವಿಶ್ವಮಾನವನಾಗಿಯೇ ಹುಟ್ಟುತ್ತದೆಂಬ ಕುವೆಂಪು ಅವರ ಚಿಂತನೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ನಿಲುವು ಅಪರಿಚಿತವೆನಿಸದು. ಪರಕೀಯ ಶಿಶು ಆಕೆಯ ಮನೆಯಲ್ಲಿ ಅತಿಥಿಯಾಗಿ ಉಳಿಯದೆ ಮಗನಾಯಿತು. ದೇಶಕ್ಕೂ ಇದೇ ಅಳತೆಗೋಲು ಅನ್ವಯಿಸುತ್ತದೆಂಬುದು ಕಾದಂಬರಿಯ ಒಳದನಿ. ಕೊನೆಯಲ್ಲಿ ಆನಂದಮಯಿಯಲ್ಲೇ ಭಾರತವನ್ನು ಕಂಡ ಗೋರಾ, ನೀರು ತರಲು ಲಛಮಿಯಾಳನ್ನು ಕರೆಯುವಂತೆ ಆಕೆಯನ್ನು ಕೇಳಿಕೊಳ್ಳುತ್ತಾನೆ. ಘೋಷಪುರದಲ್ಲಿ ತಾನೇ ಪಾತ್ರೆ ತೊಳೆದುಕೊಂಡ ಕೈ ಇಲ್ಲಿ ಇನ್ನೊಬ್ಬರ ಕೈಯ ನೀರಿಗೆ ಚಾಚುತ್ತದೆ.