ಊಹೆಯ ಕಥೆ ಮತ್ತು ಯಶವಂತ ಚಿತ್ತಾಲರು

ಕನ್ನಡದಲ್ಲಿ ಊಹಾಪ್ರಧಾನ ಕಥೆ ಬೆಳೆಯಲಿಲ್ಲವೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಗ್ರಹಾಂತರಯಾನವನ್ನೂ ಯಂತ್ರಮಾನವನನ್ನೂ ಮಾತ್ರ ಊಹೆಯೆಂದೆಣಿಸಿದರೆ, ರಾಜಶೇಖರ ಭೂಸನೂರಮಠರಂಥ ಕೆಲವರನ್ನು ಬಿಟ್ಟು, ಆ ಮಾತಿನಲ್ಲಿ ಹುರುಳಿದೆ. ಆದರೆ 'ಹೀಗಾದರೆ ಮನುಷ್ಯ ಏನಾಗುತ್ತಾನೆ?' ಎಂದು ಕೇಳುವುದೇ ಊಹೆಯ ನಿಜವಾದ ಕಾರ್ಯವಲ್ಲವೆ?

ಆಸ್ಟ್ರೇಲಿಯದ ಗ್ರೆಗ್ ಈಗನ್ 1961ರಲ್ಲಿ ಪರ್ತ್ ನಗರದಲ್ಲಿ ಜನಿಸಿದವರು, ಗಣಿತದ ಪದವೀಧರರು, ಕಂಪ್ಯೂಟರ್ ಪ್ರೋಗ್ರಾಮರ್ ಆಗಿ ದುಡಿದವರು. ಅವರ 'ಲರ್ನಿಂಗ್ ಟು ಬಿ ಮಿ' (1990) ಕಥೆಯಲ್ಲಿ, ತಲೆಯೊಳಗಿಟ್ಟ ಪುಟ್ಟ ಯಂತ್ರವೊಂದು ಮಿದುಳಿನ ವ್ಯಾಪಾರಗಳನ್ನೆಲ್ಲ ಅನುಕರಿಸಲು ಕಲಿಯುತ್ತದೆ. ಮುಂದೆ ಮಿದುಳನ್ನು ತೆಗೆದು ದೇಹವನ್ನು ಆ ಯಂತ್ರಕ್ಕೇ ಒಪ್ಪಿಸುವುದು ಅಲ್ಲಿನ ರೂಢಿ. ಆಗ ಉಳಿದ 'ನಾನು' ಯಾರು?

ಇದೇ ಪ್ರಶ್ನೆಯನ್ನು ನಮ್ಮ ಮುಂಬಯಿಯ ಯಶವಂತ ಚಿತ್ತಾಲರು (1928–2014) ಯಾವ ಯಂತ್ರದ ನೆರವೂ ಇಲ್ಲದೆ ಕೇಳಿದರು. ಅವರೂ ವಿಜ್ಞಾನದವರೇ, ಪ್ಲಾಸ್ಟಿಕ್ ಉದ್ಯಮದಲ್ಲಿದ್ದ ರಸಾಯನಜ್ಞರು. 'ಸಂದರ್ಶನ' (1957), 'ಅಬೋಲಿನ' (1960), 'ಆಟ' (1969) ಸಂಕಲನಗಳ ಮೂಲಕ ಬೆಳೆದ ಈ ಕಥೆಗಾರರಿಗೆ 'ಕಥೆಯಾದಳು ಹುಡುಗಿ' ಸಂಕಲನಕ್ಕಾಗಿ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಅವರ 'ಶಿಕಾರಿ' (1979) ಕಾದಂಬರಿಯ ನಾಗಪ್ಪ ಕಂಪೆನಿಯಿಂದ ಅಮಾನತುಗೊಂಡವನು. ಅವನ ಬೆನ್ನ ಹಿಂದೆ ಇತರರು ಇನ್ನೊಬ್ಬ ನಾಗಪ್ಪನನ್ನು ಕಟ್ಟುತ್ತಾರೆ. ಆ ಕೃತಕ ವ್ಯಕ್ತಿ ನಿಜವಾದವನ ಸ್ಥಾನವನ್ನು ಕಬಳಿಸತೊಡಗುತ್ತಾನೆ. ಕಡತದೊಳಗಿನ ಮನುಷ್ಯ ಎದುರಿಗೆ ನಿಂತ ಮನುಷ್ಯನಿಗಿಂತ ಬಲಶಾಲಿಯಾಗಬಲ್ಲನೆಂಬುದನ್ನು ಕಚೇರಿಗಳಲ್ಲಿ ದುಡಿಯುವ ನಾವು ಬಲ್ಲೆವು. ನಾಯಕನ ಆತ್ಮಶೋಧನೆ ಕೆಲವೆಡೆ ಕಥನದ ಓಟಕ್ಕೆ ತೊಡಕಾಗುವುದುಂಟು. ಸಣ್ಣಕಥೆಯ ಬಿಗಿ ಇಲ್ಲಿಲ್ಲ. ಆದರೂ ಪ್ರಶ್ನೆಯ ತೀಕ್ಷ್ಣತೆ ಕುಂದಿಲ್ಲ.

ಇಬ್ಬರಲ್ಲೂ ಮುಖ್ಯವಾದ ಭೇದವೊಂದಿದೆ. ಈಗನ್ನರ ಕಥಾನಾಯಕ ತನ್ನನ್ನು ತರ್ಕದಿಂದ ಹುಡುಕಿಕೊಳ್ಳುತ್ತಾನೆ. ಚಿತ್ತಾಲರ ಮನುಷ್ಯ ನೆನಪಿನಿಂದ. ಅವರು ಮತ್ತೆ ಮತ್ತೆ ಮರಳುವ ಉತ್ತರ ಕನ್ನಡದ ಹನೇಹಳ್ಳಿ ಕೇವಲ ಹುಟ್ಟೂರಲ್ಲ. ಅದು ಮುಂಬಯಿಯಲ್ಲಿ ಕುಳಿತು ಪುನಃ ನಿರ್ಮಿಸಿದ ಲೋಕ. ಒಂದರ್ಥದಲ್ಲಿ ಅದೂ ಊಹೆಯೇ. ಆದಕಾರಣ ಅವರನ್ನು ಕೇವಲ ವಾಸ್ತವವಾದಿಯೆಂದು ಕರೆದು ಮುಗಿಸುವುದು ಅಪೂರ್ಣ ವಿಮರ್ಶೆಯೆನಿಸುತ್ತದೆ.

ದಹಿಸರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನೆನಪಿನ ಹನೇಹಳ್ಳಿಯಿಲ್ಲ. 'ನಾನು ಯಾರು?' ಎಂಬ ಪ್ರಶ್ನೆ ಮಾತ್ರ ಅವರಿಗೂ ತಪ್ಪಿದ್ದಲ್ಲ. ಅದನ್ನು ಅವರು ಕನ್ನಡದಲ್ಲಿ ಕೇಳಬೇಕಾದರೆ, ಊರನ್ನು ಕೊಡಲಾರದ ನಾವು ಭಾಷೆಯನ್ನಾದರೂ ಕೊಟ್ಟಿರಬೇಕು.