ಅಂಗೈಗೆ ಒಗ್ಗಿದ ಪಿಸ್ತೂಲು

ಮೊದಲ ಏರ್ ಪಿಸ್ತೂಲು ಕೊಳ್ಳಲು ಹೊರಟವರಿಗೆ ನನ್ನ ಮಾತು ಒಂದೇ: ಇರುವ ಹಣವನ್ನೆಲ್ಲ ಕಂಪನಿಯ ಹೆಸರಿಗೆ ಸುರಿಯಬೇಡಿ. ಸ್ಟೆಯರ್, ಮೊರಿನಿ, ಪಾರ್ದಿನಿ ಎಲ್ಲವೂ ಒಳ್ಳೆಯವೇ, ಆದರೆ ಲಕ್ಷ ದಾಟುವ ಮಾಲು. ಹ್ಯಾಮರ್ಲಿ ಎಪಿ 20ರಂಥ ಕಡಿಮೆ ಬೆಲೆಯ ವಿದೇಶಿ ಪಿಸ್ತೂಲು ಕೊಂಡು, ಅದನ್ನು ನಿಮ್ಮ ಕೈಗೆ ತಕ್ಕಂತೆ ತಿದ್ದಿಕೊಳ್ಳಿ. ಉಳಿದ ದುಡ್ಡು ಪೆಲೆಟ್ಟಿಗೂ ತರಬೇತಿಗೂ ಬೇಕೇ ಬೇಕು. ಓಡುತ್ತ, ತಿರುಗುತ್ತ ಗುರಿಯಿಡುವ ಪ್ರಾಕ್ಟಿಕಲ್ ಶೂಟಿಂಗಿಗಾಗಿ ಅಗ್ಗದ ಪಿಸ್ತೂಲು ತಿದ್ದುವುದು ಅಮೆರಿಕದಲ್ಲಿ ದೊಡ್ಡ ಹವ್ಯಾಸ. ನಮ್ಮಲ್ಲಿ ಆ ಕುಶಲತೆಗೆ ಜಾಗವಿರುವುದು ಹತ್ತು ಮೀಟರಿನ ಆಟದಲ್ಲಿ.

ಈ ಆಟದಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ 32 ಸೆಂಟಿಮೀಟರ್ ಅಂತರವಿದೆ ಎನ್ನಿ. ಅವೆರಡರ ಹೊಂದಾಣಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೆ ಪೆಲೆಟ್ಟು 31 ಮಿಲಿಮೀಟರ್ ಆಚೆ ಬೀಳುತ್ತದೆ, ಅಂದರೆ ಕಪ್ಪು ವೃತ್ತದ ಅಂಚಿಗೆ. ಹತ್ತು ಹೋಗಿ ಏಳು ಬರುತ್ತದೆ. ಆ ಒಂದು ಮಿಲಿಮೀಟರನ್ನು ಕಾಯುವುದು ಹಿಡಿಕೆ.

ಪರೀಕ್ಷೆ ಸುಲಭ. ಪೆಲೆಟ್ ಹಾಕದ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ಬರೀ ಗೋಡೆಯತ್ತ ತೋಳೆತ್ತಿ, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನದರ ಕಚ್ಚಿನ ನಡುವೆ ತಾನಾಗಿ ನಿಂತಿದ್ದರೆ ಹಿಡಿಕೆ ನಿಮ್ಮದು. ಪ್ರತಿಸಲ ಒಂದೇ ಕಡೆ ವಾಲಿದ್ದರೆ ಮಣಿಕಟ್ಟು ತಿರುಚಬೇಡಿ, ಹಿಡಿಕೆಯ ಕಟ್ಟಿಗೆಯನ್ನು ತಿದ್ದಿ. ಎಲ್ಲಿ ಒತ್ತುತ್ತದೋ ಅಲ್ಲಿ ಅರದಿಂದ ಸ್ವಲ್ಪವೇ ಉಜ್ಜಿ. ಎಲ್ಲಿ ಅಂಗೈಗೆ ತಾಗದೆ ಪೊಳ್ಳಾಗಿದೆಯೋ ಅಲ್ಲಿ ಎಂ-ಸೀಲ್ ಮೆತ್ತಿ, ಹಸಿಯಿರುವಾಗಲೇ ಕೈಗೆ ಪೌಡರು ಸವರಿ ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಗಟ್ಟಿಯಾದ ಮೇಲೆ ಉಪ್ಪುಕಾಗದ. ಈ ಕೆಲಸಕ್ಕೆ ನಮ್ಮ ಬಡಿಗೇರರ ಕೈ ಯಾವ ವಿದೇಶಿ ಕಾರ್ಖಾನೆಗೂ ಕಡಿಮೆಯಿಲ್ಲ. ಕಟ್ಟಿಗೆ ಎಷ್ಟು ತೆಗೆಯಬೇಕೆಂದು ಪೆನ್ಸಿಲ್‌ನಿಂದ ಗುರುತು ಹಾಕಿ ಕೊಟ್ಟರೆ ಸಾಕು. ಇವತ್ತು ಪಿಸ್ತೂಲಿಗೆ ಪ್ರಸಿದ್ಧವಾದ ಮೊರಿನಿ ಹೆಸರು ಕೂಡ ಹಿಡಿಕೆಗಳಿಂದಲೇ ಬೆಳೆದದ್ದು.

ಕಲಬುರಗಿಯ ಬೇಸಿಗೆಯಲ್ಲಿ ಪಾದರಸ ನಲವತ್ತು ಡಿಗ್ರಿ ದಾಟಿದಾಗ ಅಂಗೈ ಬೆವರಿ ನುಣುಪಾದ ಹಿಡಿಕೆ ಜಾರುತ್ತದೆ. ಆದ್ದರಿಂದ ವಾರ್ನಿಶು ಬೇಡ, ಮೇಲ್ಮೈ ತರಿತರಿಯಾಗಿಯೇ ಇರಲಿ. ತಿದ್ದುವಾಗ ಸ್ಪರ್ಧೆಯ ನಿಯಮವೂ ನೆನಪಿರಲಿ: ಹಿಡಿಕೆ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ, ಕೈಯನ್ನು ಸುತ್ತುವರಿಯುವಂತಿಲ್ಲ. ಇಡೀ ಪಿಸ್ತೂಲು 42 ಸೆಂ.ಮೀ. ಉದ್ದ, 20 ಎತ್ತರ, 5 ಅಗಲದ ಪೆಟ್ಟಿಗೆಯಲ್ಲಿ ಹಿಡಿಯಬೇಕು, ತೂಕ ಒಂದೂವರೆ ಕಿಲೋ ಮೀರಬಾರದು.

ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕೆಂಬುದು ನಿಯಮ. ಕಿರಾಣಿ ಅಂಗಡಿಯ ಅರ್ಧ ಕಿಲೋ ತೂಕದ ಕಲ್ಲನ್ನು ದಾರದಲ್ಲಿ ಕಟ್ಟಿ, ಪೆಲೆಟ್ ಇಲ್ಲದ ಪಿಸ್ತೂಲಿನ ನಳಿಕೆ ನೆಟ್ಟಗೆ ಮೇಲಕ್ಕಿಟ್ಟು, ಟ್ರಿಗರ್‌ಗೆ ನೇತುಹಾಕಿ ಎತ್ತಿ ನೋಡಿ. ಕಲ್ಲು ಎದ್ದೂ ಟ್ರಿಗರ್ ಬಿಡದಿದ್ದರೆ ಸರಿ. ದಾರದ ಭಾರ, ಸ್ಕ್ರೂ ಸಡಿಲಾಗುವುದು ಎರಡನ್ನೂ ಲೆಕ್ಕ ಹಿಡಿದು ಇಪ್ಪತ್ತು ಗ್ರಾಂ ಹೆಚ್ಚೇ ಇಡಿ. ಎಲೆಕ್ಟ್ರಾನಿಕ್ ಟ್ರಿಗರ್‌ಗಿಂತ ನನ್ನ ಮೆಚ್ಚುಗೆ ಸಾದಾ ಮೆಕ್ಯಾನಿಕಲ್ ಟ್ರಿಗರ್‌ಗೆ. ಒಳ್ಳೆಯ ಪಿಸ್ತೂಲೂ ಕೈಕೊಡುತ್ತದೆ: ಟೋಕಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯ ನಡುವೆ ಪಿಸ್ತೂಲು ಕೆಟ್ಟು ಭಾರತದ ಶೂಟರ್ ಮನು ಭಾಕರ್ ಅವರಿಗೆ ಎರಡೇ ಅಂಕದಿಂದ ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರೇ ಕಂಚು ಗೆದ್ದರು.

ಕರ್ನಾಟಕಕ್ಕೆ ಪಿಸ್ತೂಲಿನ ದೊಡ್ಡ ಪದಕಗಳು ಬಂದದ್ದು ಬೆಂಗಳೂರಿನಿಂದ: 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ ಕ್ರೀಡಾಕೂಟದಲ್ಲಿ ಪ್ರಕಾಶ್ ನಂಜಪ್ಪ ಬೆಳ್ಳಿ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ದಿವ್ಯಾ ಟಿ.ಎಸ್. ಎರಡು ಬೆಳ್ಳಿ. ನಮ್ಮ ಭಾಗದ ಹುಡುಗ ಹುಡುಗಿಯರಿಗೂ ಅದು ದೂರವಲ್ಲ. ಕಲಬುರಗಿಯ ಗಾಜಿಪುರದ ಮನೆಯ ಪಡಸಾಲೆಯಲ್ಲಿ ಬಿಳಿ ಗೋಡೆಗೆ ಮುಖಮಾಡಿ, ಪೆಲೆಟ್ ಇಲ್ಲದೆ ದಿನವೂ ಮಾಡುವ ಅಭ್ಯಾಸಕ್ಕೆ ರೇಂಜೂ ಬೇಡ, ದುಡ್ಡೂ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. ಗಾಳಿ ತುಂಬುವ ಸಿಲಿಂಡರ್ 200 ಬಾರ್ ಒತ್ತಡ ಹೊರುತ್ತದೆ, ಅದರ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷ. ಅದರ ಮೇಲೆ ಕೊರೆದ ದಿನಾಂಕ ಓದಿಯೇ ಮುಂಗಡ ಕೊಡಿ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಮಾರುವವರ ಲೆಕ್ಕದಲ್ಲಿ ಕಳೆಯಿರಿ.